ರೇಷ್ಮೆ ಬಣ್ಣದ ಬಾನಿ ನೀರು: ಅಡಕೆ ಸಿಪ್ಪೆ ಹಾಕಿದರೂ ಬಣ್ಣ ಹೋಗುತ್ತಿಲ್ಲ, ಎಲ್ಲಿ ತಪ್ಪು?

ಲಡಿಬಣ್ಣ ಕೇಳಿದ್ದು:

ಮೊಳಕಾಲ್ಮೂರು ತಾಲ್ಲೂಕಿನ ಸಣ್ಣ ಬಣ್ಣದ ಘಟಕ. ದಿನಕ್ಕೆ ಹತ್ತು ಕೆ.ಜಿ. ರೇಷ್ಮೆ ಲಡಿ (ನೂಲಿನ ಸುರುಳಿ). ಬಹುಪಾಲು ಆಸಿಡ್ ಡೈ. ಕಪ್ಪು, ನೇವಿ, ಕಾಫಿ ಬಣ್ಣಕ್ಕೆ ಮಾತ್ರ ಮೆಟಲ್ ಕಾಂಪ್ಲೆಕ್ಸ್ (ಅಣುವಿನಲ್ಲಿ ಲೋಹ ಸೇರಿದ ಬಣ್ಣ). ಕೆಲಸ ಮುಗಿದ ಮೇಲೆ ಉಳಿಯೋದು 200 ಲೀಟರ್ ಬಾನಿ (ಬಣ್ಣದ ತೊಟ್ಟಿ) ನೀರು, ಪಿಎಚ್ 4.5 ಆಸುಪಾಸು, ಅಂದರೆ ಆಮ್ಲ. ಹಾಗೇ ಚರಂಡಿಗೆ ಬಿಡೋ ಹಾಗಿಲ್ಲ. ಸುತ್ತಮುತ್ತ ಸಿಗೋ ವಸ್ತುವಿನಲ್ಲೇ ಬಣ್ಣ ಹೀರಿಸೋಣ ಅಂತ ಎರಡು ಪ್ರಯತ್ನ ಆಯಿತು, ಎರಡೂ ಕೈಕೊಟ್ಟವು.

ಮೊದಲನೆಯದು ಚನ್ನಗಿರಿ ಕಡೆಯ ಅಡಕೆ ಸಿಪ್ಪೆ. ಬಿಸಿಲಲ್ಲಿ ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿ, ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಹಾಕಿ ಎರಡು ತಾಸು ತಿರುವಿದ್ದು. ಕೆಂಪು ಹಾಗೇ ಉಳಿಯಿತು, ಸಾಲದ್ದಕ್ಕೆ ನೀರಿಗೆ ಚಹಾದ ಬಣ್ಣ ಬೇರೆ ಬಂತು.

ಎರಡನೆಯದು ದಾವಣಗೆರೆ ಮಂಡಕ್ಕಿ ಭಟ್ಟಿಯ ಭತ್ತದ ಹೊಟ್ಟಿನ ಬೂದಿ. ನಾಲ್ಕಿಂಚಿನ ಪಿವಿಸಿ ಪೈಪಿಗೆ ಒಂದು ಮೀಟರ್ ಎತ್ತರ ತುಂಬಿ ಮೇಲಿಂದ ನೀರು ಬಿಟ್ಟದ್ದು. ಮೊದಲ ಹತ್ತು ಹದಿನೈದು ಲೀಟರ್ ತಿಳಿಯಾಗಿ ಬಂತು, ಆಮೇಲೆ ಹನಿ ಹನಿ, ಆಮೇಲೆ ಬಂದ್. ಮಾರನೇ ದಿನ ತೊಳೆಯೋಕೆ ಅಂತ ಬೋರ್ ನೀರು ಬಿಟ್ಟರೆ, ಹಿಂದಿನ ದಿನ ಒಳಗೆ ಹೋದ ನೀರಿಗಿಂತ ಗಾಢವಾದ ಬಣ್ಣ ಹೊರಗೆ ಬಂತು. ಇದು ಹೇಗೆ ಸಾಧ್ಯ?

ಇದೇ ಅಡಕೆ ಸಿಪ್ಪೆಯನ್ನು ಲೀಟರಿಗೆ 2 ಗ್ರಾಂ ಹಾಕಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣವನ್ನು 95% ತೆಗೆದ ಪ್ರಾಜೆಕ್ಟ್ ವರದಿಯೊಂದು ಕೈಯಲ್ಲಿದೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಲ್ಲ? ತಿಳಿದವರು ಲೆಕ್ಕ ಸಮೇತ ಹೇಳಿ.

---

ಚೊಗರು ಉತ್ತರ:

ವರದಿ ಸುಳ್ಳಲ್ಲ, ನಿಮ್ಮ ಸಿಪ್ಪೆಯೂ ಕೆಟ್ಟದ್ದಲ್ಲ. ಜೋಡಿ ಕೂಡಿಲ್ಲ ಅಷ್ಟೇ.

ಮೆಥಿಲೀನ್ ಬ್ಲೂ ಬೇಸಿಕ್ ಡೈ. ನೀರಿನಲ್ಲಿ ಕರಗಿದಾಗ ಅದರ ಬಣ್ಣದ ಭಾಗಕ್ಕೆ ಧನ ಆವೇಶ ಇರುತ್ತೆ. ಅಡಕೆ ಸಿಪ್ಪೆ, ಶೇಂಗಾ ಸಿಪ್ಪೆ, ಮೆಕ್ಕೆಜೋಳದ ದಿಂಡು, ಬೇವಿನ ಎಲೆ, ಮರದ ಹೊಟ್ಟು, ಇವೆಲ್ಲದರ ಮೈಮೇಲೆ ಕಾರ್ಬಾಕ್ಸಿಲ್ ಮತ್ತು ಫೀನಾಲ್ ಗುಂಪುಗಳಿವೆ. ಪಿಎಚ್ 6–7ರ ನೀರಿನಲ್ಲಿ, ಮುಖ್ಯವಾಗಿ ಕಾರ್ಬಾಕ್ಸಿಲ್‌ಗಳು ಹೈಡ್ರೋಜನ್ ಬಿಟ್ಟುಕೊಟ್ಟು ಮೈಯನ್ನು ಋಣ ಮಾಡುತ್ತವೆ. ಧನ ಬಂದು ಋಣಕ್ಕೆ ಅಂಟಿಕೊಳ್ಳುತ್ತೆ. ಪ್ರಾಜೆಕ್ಟ್ ಮಾಡೋರೆಲ್ಲ ಮೆಥಿಲೀನ್ ಬ್ಲೂ ಹಿಡಿಯೋದೇ ಇದಕ್ಕೆ: ಯಾವ ಸಿಪ್ಪೆ ಹಾಕಿದರೂ ಪಾಸು.

ನಿಮ್ಮ ಬಾನಿಯಲ್ಲಿರೋದು ಆಸಿಡ್ ಡೈ. ಹೆಸರು ಬಂದಿರೋದು ಆಮ್ಲದ ಬಾನಿಯಲ್ಲಿ ಹಿಡಿಯುತ್ತೆ ಅನ್ನೋದಕ್ಕೆ. ಅದರ ಅಣುವಿನಲ್ಲಿ ಸಲ್ಫೋನಿಕ್ ಗುಂಪುಗಳಿದ್ದು ನೀರಿನಲ್ಲಿ ಋಣ ಆಗಿರುತ್ತೆ. ಡೈರೆಕ್ಟ್, ರಿಯಾಕ್ಟಿವ್ ಬಣ್ಣಗಳೂ ಇದೇ ಪಕ್ಷ. ಋಣದ ಸಿಪ್ಪೆ ಋಣದ ಬಣ್ಣವನ್ನು ಹತ್ತಿರ ಬಿಟ್ಟುಕೊಳ್ಳಲ್ಲ. ಪಿಎಚ್ 2–3ಕ್ಕೆ ಇಳಿಸಿದರೆ ಸಿಪ್ಪೆಯ ಮೈ ಧನದ ಕಡೆ ತಿರುಗಿ ಸ್ವಲ್ಪ ಹೀರುತ್ತೆ. ಆದರೆ 200 ಲೀಟರಿಗೆ ಅಷ್ಟು ಆಮ್ಲ ಸುರಿದು, ಆಮೇಲೆ ಅಷ್ಟೇ ಸುಣ್ಣ ಸುರಿದು ಸರಿಮಾಡಿದರೆ ಬಣ್ಣ ತೆಗೆದ ಹೆಸರಲ್ಲಿ ಉಪ್ಪು ಸೇರಿಸಿದ ಹಾಗೆ.

ಚಹಾದ ಬಣ್ಣ ಅಂದಿರಲ್ಲ, ಅದು ಸಿಪ್ಪೆಯ ಟ್ಯಾನಿನ್. ಅಡಕೆ ಬೇಯಿಸಿದಾಗ ಹಂಡೆಯಲ್ಲಿ ಇಳಿಯೋ ಚೊಗರಿನ ಜಾತಿಯದೇ. ಒಣಗಿಸಿದ್ದರೂ ತೊಳೆದು ಬೇಯಿಸದ ಸಿಪ್ಪೆಯನ್ನು ನೇರ ಪುಡಿ ಮಾಡಿ ಹಾಕಿದರೆ ಚೊಗರು ಬಿಡದೆ ಇನ್ನೇನು ಮಾಡೀತು? ಬೇಸಿಕ್ ಡೈಗೆ ಬಳಸೋದಾದರೂ ಮೊದಲು ಸಿಪ್ಪೆಯನ್ನು 1–2 ಸೆಂ.ಮೀ. ಕತ್ತರಿಸಿ, ಮಣ್ಣು ತೊಳೆದು, ಕುದಿಯೋ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಬಸಿಯಬೇಕು. ನೀರು ತಿಳಿಯಾಗೋ ತನಕ ಮೂರೋ ನಾಲ್ಕೋ ಸಲ. ಆಮೇಲೆ 0.1 ನಾರ್ಮಲ್ ಕಾಸ್ಟಿಕ್ ಸೋಡಾದಲ್ಲಿ (ಲೀಟರಿಗೆ 4 ಗ್ರಾಂ) ಒಂದು ತಾಸು ನೆನೆಸಿ, ಪಿಎಚ್ 7ಕ್ಕೆ ಬರೋವರೆಗೆ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ ಪುಡಿ. ಕಾಸ್ಟಿಕ್ಕಿಗೆ ಉಳಿದ ಚೊಗರೂ ಕಿತ್ತುಕೊಂಡು ಬರುತ್ತೆ, ನಾರೂ ಉಬ್ಬಿ ಮೈ ಬಿಚ್ಚಿಕೊಳ್ಳುತ್ತೆ. ಕೆಲವು ಪ್ರಬಂಧಗಳಲ್ಲಿ ಬಣ್ಣ ಬಿಡದಿರಲಿ ಅಂತ ಫಾರ್ಮಾಲ್ಡಿಹೈಡ್ ಹಾಕಿರ್ತಾರೆ. ನೀರು ಶುದ್ಧ ಮಾಡೋ ಕೆಲಸಕ್ಕೆ ಅದೊಂದು ಬೇಡ.

ನಿಮ್ಮ ಆಸಿಡ್ ಡೈಗೆ ಆ ಸಿಪ್ಪೆಯನ್ನು ಕಾರ್ಬನ್ ಮಾಡಲೇಬೇಕು. ಪ್ರಯೋಗದ ಅಳತೆ ಇದು: ತೊಳೆದು ಒಣಗಿಸಿದ 100 ಗ್ರಾಂ ಸಿಪ್ಪೆಗೆ 85%ರ ಫಾಸ್ಪಾರಿಕ್ ಆಮ್ಲ 118 ಗ್ರಾಂ (ಸುಮಾರು 70 ಮಿ.ಲೀ.). ಸಿಪ್ಪೆಯೆಲ್ಲ ನೆನೆಯೋವಷ್ಟು ನೀರಿನಲ್ಲಿ, ಅಂದರೆ 150–200 ಮಿ.ಲೀ., ಆಮ್ಲವನ್ನು ಕಲಸಿ. ಒಂದು ರಾತ್ರಿ ನೆನೆಸಿ, 105 ಡಿಗ್ರಿಯಲ್ಲಿ ಒಣಗಿಸಿ, ಮುಚ್ಚಳ ಇರೋ ಮೂಸೆಯಲ್ಲಿ 450–500 ಡಿಗ್ರಿಗೆ ಒಂದು ತಾಸು. ಮುಚ್ಚಳ ಸರಿಯಿಲ್ಲದಿದ್ದರೆ ಸಿಗೋದು ಬೂದಿ. ತಣಿದ ಮೇಲೆ ಬಿಸಿ ನೀರಿನಲ್ಲಿ ಪಿಎಚ್ 6 ದಾಟೋ ತನಕ ತೊಳೆಯಬೇಕು. ಸಿಪ್ಪೆಯ ತೂಕದ ಸುಮಾರು 40% ಕಾರ್ಬನ್ ಸಿಗುತ್ತೆ. ಮೊದಲ ತೊಳೆನೀರಿನಲ್ಲಿ ಆಮ್ಲದ ಬಹುಭಾಗ ಇರೋದರಿಂದ ಅದನ್ನು ಚೆಲ್ಲದೆ ಮುಂದಿನ ಸಿಪ್ಪೆ ನೆನೆಸೋಕೆ ಇಟ್ಟುಕೊಳ್ಳಿ.

ತಗಡಿನ ಡ್ರಮ್ಮಿನಲ್ಲಿ ಸುಮ್ಮನೆ ಸುಟ್ಟರೆ ಬರೋದು ಇದ್ದಲು. ಇದ್ದಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಮೈಯೊಳಗೆ ರಂಧ್ರ ಬಿಡಿಸಿರೋದೇ ಎರಡನೆಯದರ ಬೆಲೆ.

---

ಪ್ಯಾಕ್‌ಬೆಡ್ ಉತ್ತರ:

ಚೊಗರು ಅವರು ಹೇಳಿದ್ದಕ್ಕೆ ಪೈಪಿನ ಭಾಗ ಸೇರಿಸುತ್ತೇನೆ.

ಭಟ್ಟಿಯ ಬೂದಿಯಲ್ಲಿ ಎರಡು ಬಗೆ. ಪೂರ್ತಿ ಉರಿದ ಬಿಳಿ ಬೂದಿ ಹೆಚ್ಚೂಕಮ್ಮಿ ಬರೀ ಸಿಲಿಕಾ. ಅದರ ಮೈ ಪಿಎಚ್ 2ರ ಮೇಲೆಲ್ಲ ಋಣವೇ, ಆಸಿಡ್ ಡೈಗೆ ಕೆಲಸಕ್ಕೆ ಬಾರದು. ಅರೆಬೆಂದ ಕಪ್ಪು ಬೂದಿಯಲ್ಲಿ ಕಾರ್ಬನ್ ಉಳಿದಿರುತ್ತೆ, ನಿಮ್ಮ ಮೊದಲ ಹದಿನೈದು ಲೀಟರ್ ತಿಳಿಯಾದದ್ದು ಅದರ ಪುಣ್ಯ. ಆದರೆ ತೊಳೆಯದ ಬೂದಿ ಕ್ಷಾರ. ಒಂದು ಹಿಡಿ ಬೂದಿಯನ್ನು ಲೋಟ ನೀರಿಗೆ ಹಾಕಿ ಪಿಎಚ್ ಪಟ್ಟಿ ಅದ್ದಿ ನೋಡಿ, 9ರ ಮೇಲೆ ತೋರಿಸುತ್ತೆ. 4.5ರ ಬಾನಿ ನೀರು ಅದರೊಳಗೆ ಇಳಿಯುತ್ತಾ ಪಿಎಚ್ ಏರುತ್ತೆ, ಏರಿದಷ್ಟೂ ಆಸಿಡ್ ಡೈ ಹಿಡಿತ ಸಡಿಲ.

ಬೆಳಗಿನ ಗಾಢ ಬಣ್ಣದ ಗುಟ್ಟೂ ಇದೇ. ನಮ್ಮ ಕಡೆಯ ಬೋರ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ 7.5–8. ಆಮ್ಲದಲ್ಲಿ ಅಂಟಿದ್ದ ಬಣ್ಣಕ್ಕೆ ಕ್ಷಾರದ ನೀರು ತಗುಲಿದರೆ ಬಿಟ್ಟುಕೊಡುತ್ತೆ. ಹದಿನೈದು ಲೀಟರಿನಿಂದ ಹಿಡಿದ ಬಣ್ಣ ಎರಡು ಮೂರು ಲೀಟರಿನಲ್ಲಿ ಒಟ್ಟಿಗೆ ಇಳಿದು ಬಂದಾಗ ಒಳಗೆ ಹೋದದ್ದಕ್ಕಿಂತ ಗಾಢವಾಗಿ ಕಾಣೋದು ಸಹಜ. ಹಾಗಾಗಿ ಎರಡು ಎಚ್ಚರಿಕೆ. ಪಿಎಚ್ ಸರಿಮಾಡಲು ಸುಣ್ಣ ಹಾಕೋದು ಕಾರ್ಬನ್ನಿಂದ ಹೊರಬಂದ ನೀರಿಗೆ, ಅದಕ್ಕೂ ಮುಂಚೆ ಅಲ್ಲ. ಬೆಡ್ (ಪೈಪಿನಲ್ಲಿ ತುಂಬಿದ ಹೀರುಕ) ತೊಳೆಯೋ ನೀರಿಗೆ ಸ್ವಲ್ಪ ಅಸಿಟಿಕ್ ಆಮ್ಲ ಹಾಕಿ 4.5ಕ್ಕೆ ತನ್ನಿ, ತೊಳೆದ ನೀರನ್ನು ಮತ್ತೆ ಬಾನಿ ನೀರಿಗೇ ಸೇರಿಸಿ.

ಕಟ್ಟಿಕೊಂಡದ್ದು ಯಾಕೆ ಅಂದರೆ, ನುಣ್ಣನೆ ಬೂದಿ, ಅದರ ಮೇಲೆ ರೇಷ್ಮೆಯ ಸಣ್ಣ ಎಳೆ. ಡಿಗಮ್ಮಿಂಗ್ (ರೇಷ್ಮೆಯ ಅಂಟು ತೆಗೆದ) ನೀರನ್ನೂ ಅದರಲ್ಲೇ ಬಿಟ್ಟಿದ್ದರೆ ಕೇಳೋದೇ ಬೇಡ. ಸೋಪು, ಸೋಡಾ, ಸೆರಿಸಿನ್ ಅನ್ನೋ ಆ ಅಂಟು ಮೂರೂ ಸೇರಿ ಮೇಲೆ ಅಂಟಿನ ಪದರ ಕಟ್ಟುತ್ತೆ, ಪಿಎಚ್ಚೂ 9–10ಕ್ಕೆ ಹೋಗುತ್ತೆ. ಆ ನೀರಿನ ದಾರಿ ಬೇರೆ ಇರಲಿ, ಬಣ್ಣದ ಬಾನಿಗೆ ಬೆರೆಯಲೇಬಾರದು.

ಪೈಪು ಬಳಸೋದೇ ಆದರೆ 0.5–1 ಮಿ.ಮೀ. ಕಾಳಿನ ಕಾರ್ಬನ್. ನಾಲ್ಕಿಂಚಿನ ಪೈಪಿನಲ್ಲಿ ಒಂದು ಮೀಟರ್ ಎತ್ತರ ಅಂದರೆ ಸುಮಾರು 8.5 ಲೀಟರ್ ಜಾಗ, ತೂಕದಲ್ಲಿ ಸುಮಾರು 4 ಕೆ.ಜಿ. ನೀರು ಬೆಡ್‌ನೊಳಗೆ ಕಾಲು ಗಂಟೆಯಾದರೂ ಇರಬೇಕು, ಅಂದರೆ ನಿಮಿಷಕ್ಕೆ ಅರ್ಧ ಲೀಟರ್ ದಾಟಬಾರದು. 200 ಲೀಟರಿಗೆ ಏಳು ತಾಸು ಹಿಡಿಯುತ್ತೆ. ಅವಸರ ಮಾಡಿದರೆ ಬಣ್ಣ ಕಾರ್ಬನ್ ಕಾಳಿನ ಒಳಗೆ ಇಳಿಯೋಕೆ ಮುಂಚೆಯೇ ನೀರು ದಾಟಿಹೋಗುತ್ತೆ. ತಳದಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ನೈಲಾನ್ ಜಾಲರಿ, ಮೇಲೆ ಕಾರ್ಬನ್. ನೀರನ್ನು ಕೆಳಗಿಂದ ಮೇಲಕ್ಕೆ ಏರಿಸಿ. ಮೇಲಿಂದ ಬಿಟ್ಟರೆ ಗಾಳಿ ಸಿಕ್ಕಿಕೊಂಡು ಒಂದೇ ಪಕ್ಕಕ್ಕೆ ದಾರಿ ಕೊರೆದುಕೊಳ್ಳುತ್ತೆ, ಉಳಿದ ಕಾರ್ಬನ್ ಸುಮ್ಮನೆ ನಿಂತಿರುತ್ತೆ. ಒಣ ಕಾರ್ಬನ್ ತುಂಬಬೇಡಿ. ಒಂದು ದಿನ ನೀರಿನಲ್ಲಿ ನೆನೆಸಿ, ಗುಳ್ಳೆ ನಿಂತ ಮೇಲೆ ಕೆಸರಿನ ಹಾಗೆ ಸುರಿಯಿರಿ.

ಇನ್ನೊಂದು ಮಾತು, ಕಾರ್ಬನ್ ಕೊಳ್ಳೋದಾದರೆ. ತೆಂಗಿನ ಚಿಪ್ಪಿನದು ಅಂದ ಕೂಡಲೆ ಒಳ್ಳೇದು ಅಂತಾರೆ, ಅಯೋಡಿನ್ ನಂಬರ್ (ಎಷ್ಟು ಅಯೋಡಿನ್ ಹೀರುತ್ತೆ ಅನ್ನೋ ಅಳತೆ) 1000 ಅಂತ ತೋರಿಸ್ತಾರೆ. ಅಯೋಡಿನ್ ಚಿಕ್ಕ ಅಣು, 2 ನ್ಯಾನೋಮೀಟರಿಗಿಂತ ಸಣ್ಣ ರಂಧ್ರಕ್ಕೂ ನುಗ್ಗುತ್ತೆ. ಚಿಪ್ಪಿನ ಕಾರ್ಬನ್ನಿನಲ್ಲಿ ಅಂಥ ಸಣ್ಣ ರಂಧ್ರವೇ ಜಾಸ್ತಿ. ದೊಡ್ಡ ಆಸಿಡ್ ಡೈ ಅಣು ಅಲ್ಲಿಗೆ ತೂರಲ್ಲ. ಮರದ ಕಾರ್ಬನ್, ಅದರಲ್ಲೂ ಫಾಸ್ಪಾರಿಕ್‌ನಲ್ಲಿ ಮಾಡಿದ್ದರಲ್ಲಿ, ಅಗಲ ರಂಧ್ರ ಹೆಚ್ಚು. ಅಂಗಡಿಯವರನ್ನು ಮೆಥಿಲೀನ್ ಬ್ಲೂ ನಂಬರ್ ಕೇಳಿ, ಅದು ದೊಡ್ಡ ಅಣುವಿನ ಬಣ್ಣ ಎಷ್ಟು ಹೀರುತ್ತೆ ಅನ್ನೋ ಅಳತೆ. ಅದಕ್ಕೂ ಮೇಲಾಗಿ ನೂರು ಗ್ರಾಂ ಸ್ಯಾಂಪಲ್ ತಂದು ನಿಮ್ಮ ಬಾನಿ ನೀರಿನಲ್ಲೇ ನೋಡಿ.

---

ಕರಿಕಂಬಳಿ ಉತ್ತರ:

ಎಲ್ಲರೂ ತಣ್ಣಗಾದ ನೀರಿನ ಬಗ್ಗೇನೇ ಮಾತಾಡ್ತಿದ್ದೀರಿ. ಬಾನಿ ಇನ್ನೂ ಬಿಸಿ ಇರುವಾಗಲೇ ಅರ್ಧ ಕೆಲಸ ಮುಗಿಸಬಹುದಲ್ರಿ.

ಆಸಿಡ್ ಡೈಗೆ ಹೇಳಿ ಮಾಡಿಸಿದ ನೈಸರ್ಗಿಕ ಹೀರುಕ ಯಾವುದು ಅಂದರೆ ಉಣ್ಣೆ. ರೇಷ್ಮೆಯ ಹಾಗೇ ಪ್ರೋಟೀನು, ಆದರೆ ಬಣ್ಣ ಹಿಡಿಯೋ ಅಮೈನೋ ಗುಂಪುಗಳು ರೇಷ್ಮೆಗಿಂತ ಉಣ್ಣೆಯಲ್ಲಿ ಎಷ್ಟೋ ಪಾಲು ಹೆಚ್ಚು. ಪಿಎಚ್ 4ರಲ್ಲಿ ಅವೆಲ್ಲ ಧನ ಆವೇಶ ಹೊತ್ತು ಕೂತಿರುತ್ತವೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ನೂಲಿಗೆ ಬಾರದ ತುಂಡು ಉಣ್ಣೆ ಸಿಗುತ್ತೆ. ಕರಿ ಉಣ್ಣೆಯಾದರೂ ಹೀರುತ್ತೆ, ಎಷ್ಟು ಹೀರಿತು ಅಂತ ಕಣ್ಣಿಗೆ ಕಾಣಲ್ಲ ಅಷ್ಟೇ. ಬಿಳಿಯದು ಸಿಕ್ಕರೆ ಒಳ್ಳೇದು.

ಮೊದಲು ಜಿಡ್ಡು ತೆಗೀಬೇಕು. 45–50 ಡಿಗ್ರಿ ನೀರಿಗೆ ಲೀಟರಿಗೆ 2 ಗ್ರಾಂ ತಟಸ್ಥ ಡಿಟರ್ಜೆಂಟ್ ಹಾಕಿ, ಇಪ್ಪತ್ತು ನಿಮಿಷ ನೆನೆಸಿ ಹಿಂಡಿ, ಇನ್ನೊಮ್ಮೆ ಹಾಗೇ. ಬಟ್ಟೆ ಸೋಡಾ ಹಾಕಬೇಡಿ, ಕ್ಷಾರಕ್ಕೆ ಉಣ್ಣೆ ಸವೆಯುತ್ತೆ. ಬಿಸಿಯಲ್ಲಿ ತಿಕ್ಕಲೂಬೇಡಿ, ಗಂಟುಗಟ್ಟಿ ಹಾಸಿನ ಹಾಗಾದರೆ ಒಳಗೆ ನೀರೇ ಹೋಗಲ್ಲ.

ಲಡಿ ತೆಗೆದ ಮೇಲೆ ಬಾನಿಯನ್ನು 85 ಡಿಗ್ರಿಯಲ್ಲೇ ಇಟ್ಟು, ಅಸಿಟಿಕ್ ಆಮ್ಲ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ 3.5–4ಕ್ಕೆ ತನ್ನಿ. 2 ಕೆ.ಜಿ. ಉಣ್ಣೆಯನ್ನು ಈರುಳ್ಳಿ ಚೀಲದಂಥ ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ ಮುಳುಗಿಸಿ, 40 ನಿಮಿಷ ಆಗಾಗ ಮಗುಚಿ. ತಣ್ಣನೆ ನೀರಿನಲ್ಲಿ ಹಾಕಿದರೆ ಏನೂ ಆಗಲ್ಲ: ಉಣ್ಣೆ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇದೆ, ಬಿಸಿ ಇಲ್ಲದೆ ಬಣ್ಣ ಅದನ್ನು ದಾಟಲ್ಲ.

ಲೆಕ್ಕ ಬೇಕಂದ್ರಲ್ಲ. 10 ಕೆ.ಜಿ. ರೇಷ್ಮೆಗೆ 2% ಬಣ್ಣ ಅಂದರೆ 200 ಗ್ರಾಂ. 90% ರೇಷ್ಮೆಗೆ ಹಿಡಿದರೆ ನೀರಿನಲ್ಲಿ ಉಳಿಯೋದು 20 ಗ್ರಾಂ, 200 ಲೀಟರಿನಲ್ಲಿ ಅಂದರೆ ಲೀಟರಿಗೆ 100 ಮಿ.ಗ್ರಾಂ. 2 ಕೆ.ಜಿ. ಉಣ್ಣೆಗೆ 20 ಗ್ರಾಂ ಅಂದರೆ ಬರೀ 1% ಶೇಡು, ತಿಳಿ ಬಣ್ಣ ಹಾಕಿದ ಹಾಗೆ. ಅದೇ ಉಣ್ಣೆಯನ್ನು ಮೂರು ನಾಲ್ಕು ದಿನ ಬಳಸಬಹುದು. ಕೊನೆಗೆ ಸೋಪಿನ ನೀರಿನಲ್ಲಿ ಜಾಲಿಸಿ ಬಣ್ಣ ಬಿಡದಿದ್ದರೆ ಅದು ಕಸ ಅಲ್ಲ, ಬಣ್ಣ ಹಾಕಿದ ಉಣ್ಣೆ. ಬಣ್ಣ ಯಾವುದು ಬರುತ್ತೆ ಅಂತ ಮಾತ್ರ ಕೇಳಬೇಡಿ. ಕೆಂಪು, ಹಸಿರು, ನೀಲಿ ಒಂದರ ಮೇಲೊಂದು ಬಿದ್ದರೆ ಎಮ್ಮೆ ಬಣ್ಣವೇ.

ಅದಕ್ಕೂ ಮುಂಚಿನ ಮಾತು ಒಂದಿದೆ. 90% ಹಿಡಿಯೋದನ್ನು 95%ಗೆ ತಂದರೆ ನೀರಿನಲ್ಲಿರೋ ಬಣ್ಣ ಅರ್ಧ ಆಯ್ತು, ಹೀರುಕದ ಖರ್ಚೂ ಅರ್ಧ. ಕೊನೆ ಕಾಲು ಗಂಟೆ ಇದ್ದಾಗ ಇನ್ನಷ್ಟು ಅಸಿಟಿಕ್ ಹಾಕಿ ಬಣ್ಣ ಹಿಡಿಯೋಕೆ ಸಮಯ ಕೊಡಿ. ಲೋಟದಲ್ಲಿ ಬಾನಿ ನೀರು ಹಿಡಿದು ಬೆಳಕಿಗೆ ನೋಡದೆ ಲಡಿ ಎತ್ತಬೇಡಿ.

---

ಲಡಿಬಣ್ಣ:

ಬೋರ್ ನೀರಿನ ವಿಷಯ ಈಗ ತಲೆಗೆ ಹತ್ತಿತು. ಉಣ್ಣೆ ನೋಡುತ್ತೇವೆ. ಆಮೇಲೆ ಉಳಿದ ಬಣ್ಣಕ್ಕೆ ಕಾರ್ಬನ್ ಅಂತಾದರೆ, 200 ಲೀಟರಿಗೆ ಎಷ್ಟು ಹಾಕಬೇಕು ಅಂತ ಮೊದಲೇ ಗೊತ್ತು ಮಾಡೋದು ಹೇಗೆ? ಯಂತ್ರ ಇಲ್ಲ, ಪಿಎಚ್ ಪಟ್ಟಿ ಮತ್ತು ಗ್ರಾಂ ತಕ್ಕಡಿ ಇದೆ. ಪೈಪು ಬೇಡ, ಬ್ಯಾರಲ್ಲಿನಲ್ಲೇ ಆದರೆ ಸುಲಭ.

---

ಕ್ಯುವೆಟ್ ಉತ್ತರ:

ಯಂತ್ರ ಇಲ್ಲದೆಯೂ ಆಗುತ್ತೆ. ಒಂದೇ ತರದ ಆರು ಗಾಜಿನ ಬಾಟಲಿ ತೊಗೊಳ್ಳಿ. ಪ್ರತಿಯೊಂದಕ್ಕೂ 100 ಮಿ.ಲೀ. ಬಾನಿ ನೀರು, 40 ಡಿಗ್ರಿಗಿಂತ ಕೆಳಗೆ ತಣಿದದ್ದು. ಒಂದಕ್ಕೆ ಏನೂ ಹಾಕಬೇಡಿ. ಉಳಿದವಕ್ಕೆ 0.1, 0.25, 0.5, 1, 2 ಗ್ರಾಂ ಕಾರ್ಬನ್. ಎರಡು ತಾಸು ಅಲುಗಿಸಿ, ರಾತ್ರಿ ಕೂರಲು ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಕಾರ್ಬನ್ ಬರದ ಹಾಗೆ ಅಂಥದೇ ಖಾಲಿ ಬಾಟಲಿಗೆ ಬಸಿಯಿರಿ.

ಈಗ ಅಳತೆಗೋಲು. ಮೂಲ ಬಾನಿ ನೀರನ್ನೇ ಎರಡು, ಐದು, ಹತ್ತು, ಇಪ್ಪತ್ತು, ಐವತ್ತು ಪಾಲಿಗೆ ತೆಳು ಮಾಡಿ ಅಂಥದೇ ಬಾಟಲಿಗಳಲ್ಲಿ ಒಂದೇ ಎತ್ತರಕ್ಕೆ ತುಂಬಿ ಸಾಲಾಗಿ ಇಡಿ. ಕೆಳಗೆ ಬಿಳಿ ಟೈಲ್ ಇಟ್ಟು ಮೇಲಿಂದ ಬಾಟಲಿಯ ಬಾಯಿಯೊಳಗೆ ನೋಡಿ. ಬಾಟಲಿ ಕಿರಿದಾಗಿ ಎತ್ತರವಾಗಿದ್ದರೆ ಪಕ್ಕದಿಂದ ನೋಡೋದಕ್ಕಿಂತ ಮೇಲಿಂದ ನೋಡಿದಾಗ ನೀರಿನ ಆಳ ಜಾಸ್ತಿ. ತೆಳು ಬಣ್ಣವೂ ಕಾಣುತ್ತೆ. ಕಾರ್ಬನ್ ಬಾಟಲಿಯಿಂದ ಬಸಿದ ನೀರು ಇಪ್ಪತ್ತನೇ ಪಾಲಿನ ಬಾಟಲಿಗೆ ಹೊಂದಿದರೆ 95% ಹೋಗಿದೆ. ತೆಳು ಮಾಡಲು ಬೋರ್ ನೀರು ಬೇಡ, ಅದರ ಪಿಎಚ್ಚಿಗೆ ಕೆಲವು ಬಣ್ಣದ ಛಾಯೆಯೇ ಬದಲಾಗುತ್ತೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಅಸಿಟಿಕ್ ಹಾಕಿ ಬಳಸಿ.

ಏನೂ ಹಾಕದ ಬಾಟಲಿ ಯಾಕೆ ಅಂತ ಕೇಳೋರಿದ್ದಾರೆ. ಕಾಲೇಜು ವರದಿಗಳಲ್ಲಿ ಅತಿ ಹೆಚ್ಚು ಮೋಸ ಆಗೋದು ಇಲ್ಲೇ. ಮಲಾಕೈಟ್ ಗ್ರೀನ್ ಕ್ಷಾರದಲ್ಲಿ ತಾನಾಗಿಯೇ ಬಣ್ಣ ಕಳೆದುಕೊಳ್ಳುತ್ತೆ. ಪಿಎಚ್ 10ರಲ್ಲಿ 99% ಅಂತ ಬರೆದಿದ್ದರೆ ಸಿಪ್ಪೆ ಹಾಕದಿದ್ದರೂ ಅಷ್ಟೇ ಬರುತ್ತಿತ್ತೋ ಏನೋ. ಕಾಂಗೊ ರೆಡ್ ಆಮ್ಲದಲ್ಲಿ ನೀಲಿಗೆ ತಿರುಗುತ್ತೆ. ಯಂತ್ರದಲ್ಲಿ 498 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಅಳೆದು ಕೆಂಪು ಮಾಯವಾಯಿತು ಅಂದುಕೊಂಡರೆ ಅದು ಬಣ್ಣ ಹೋದದ್ದಲ್ಲ, ಬದಲಾದದ್ದು. ಅಳೆಯೋ ಮುಂಚೆ ಎಲ್ಲಾ ಸ್ಯಾಂಪಲ್ಲನ್ನೂ ಒಂದೇ ಪಿಎಚ್ಚಿಗೆ ತರಬೇಕು. ಇನ್ನು ಮೆಥಿಲೀನ್ ಬ್ಲೂ ಫಿಲ್ಟರ್ ಪೇಪರಿಗೂ ಗಾಜಿಗೂ ಅಂಟುತ್ತೆ. ಪೇಪರಿನಲ್ಲಿ ಸೋಸಿ 664ರಲ್ಲಿ ಅಳೆದರೆ ಪೇಪರ್ ಹೀರಿದ್ದೂ ಅಡಕೆ ಸಿಪ್ಪೆಯ ಖಾತೆಗೆ ಜಮಾ. ಸೆಂಟ್ರಿಫ್ಯೂಜ್ ಮಾಡಬೇಕು, ಇಲ್ಲವೇ ಸೋಸಿದ ಮೊದಲ ಹತ್ತು ಮಿ.ಲೀ. ಚೆಲ್ಲಬೇಕು. ಅಳತೆಯ ಗೆರೆ (ಗೊತ್ತಿರೋ ಬಣ್ಣದ ಪ್ರಮಾಣಕ್ಕೆ ಯಂತ್ರ ತೋರಿಸೋ ಅಂಕಿಯ ಗೆರೆ) ಲೀಟರಿಗೆ 1–5 ಮಿ.ಗ್ರಾಂ ಒಳಗೇ ಇರಲಿ. ಅದರ ಮೇಲೆ ಹೋದರೆ ಅಣುಗಳು ಜೋಡಿಯಾಗಿ ಗೆರೆ ಬಾಗುತ್ತೆ.

ಸಿಪ್ಪೆಯ ಮೈ ಯಾವ ಪಿಎಚ್‌ನಲ್ಲಿ ಧನದಿಂದ ಋಣಕ್ಕೆ ಹೊರಳುತ್ತೆ ಅಂತ ತಿಳಿಯೋಕೆ: 0.01 ಮೋಲಾರ್ ಅಡುಗೆ ಉಪ್ಪಿನ ದ್ರಾವಣ 50 ಮಿ.ಲೀ. ಅನ್ನು ಆರೇಳು ಬಾಟಲಿಗೆ ಹಾಕಿ, ಪಿಎಚ್ 2ರಿಂದ 12ರವರೆಗೆ ಹೊಂದಿಸಿ, 0.15 ಗ್ರಾಂ ಪುಡಿ ಹಾಕಿ ಎರಡು ದಿನ ಬಿಡಿ. ಮೊದಲಿನ ಪಿಎಚ್ ಯಾವ ಬಾಟಲಿಯಲ್ಲಿ ಬದಲಾಗದೆ ಉಳಿಯಿತೋ ಅದೇ ಹೊರಳೋ ಜಾಗ. ಅದರ ಕೆಳಗೆ ಆಸಿಡ್ ಡೈಗೆ ಅನುಕೂಲ, ಮೇಲೆ ಬೇಸಿಕ್ ಡೈಗೆ. ವರದಿ ಬರೆಯೋರು ಐಸೋಥರ್ಮ್ (ನೀರಿನಲ್ಲಿ ಉಳಿದ ಬಣ್ಣಕ್ಕೆ ಹೀರುಕ ಎಷ್ಟು ಹಿಡಿಯುತ್ತೆ ಅನ್ನೋ ಗೆರೆ) ಹಾಕೋ ಮೊದಲು ಇದನ್ನು ಮಾಡಲಿ ಅನ್ನೋದು ನನ್ನ ಹಟ.

---

ಪ್ಯಾಕ್‌ಬೆಡ್ ಉತ್ತರ:

ಬ್ಯಾರಲ್ ಲೆಕ್ಕ. ಪ್ರಬಂಧದಲ್ಲಿ ಗ್ರಾಂ ಕಾರ್ಬನ್ನಿಗೆ 60 ಮಿ.ಗ್ರಾಂ ಹೀರುತ್ತೆ ಅಂತ ಇದ್ದರೆ, 20 ಗ್ರಾಂ ಬಣ್ಣಕ್ಕೆ 333 ಗ್ರಾಂ ಸಾಕು ಅಂತ ಅನಿಸುತ್ತೆ. ಸಾಲಲ್ಲ. ಆ 60 ಸಿಗೋದು ನೀರಿನಲ್ಲಿ ಬಣ್ಣ ದಂಡಿಯಾಗಿ ಉಳಿದಿರುವಾಗ. ನೀರು ತಿಳಿಯಾದಷ್ಟೂ ಕಾರ್ಬನ್ ಹೀರೋದು ಕಮ್ಮಿ. ಹೀರಿಕೆಯ ಲೆಕ್ಕ ಹೇಳೋ ಲ್ಯಾಂಗ್ಮುಯರ್ ಸೂತ್ರಕ್ಕೆ ಗರಿಷ್ಠ ಹೀರಿಕೆ 60, ಹಿಡಿತದ ಅಂಕಿ 0.05 ಹಾಕಿ ನೋಡಿ (ಉದಾಹರಣೆಗೆ ಹಿಡಿದ ಅಂಕಿ, ನಿಮ್ಮದನ್ನು ಬಾಟಲಿ ಪರೀಕ್ಷೆಯಿಂದ ತೆಗೆಯಿರಿ): ಉಳಿದ ಬಣ್ಣ ಲೀಟರಿಗೆ 30 ಮಿ.ಗ್ರಾಂ ಇದ್ದಾಗ ಗ್ರಾಂ ಕಾರ್ಬನ್ 36 ಮಿ.ಗ್ರಾಂ ಹಿಡಿಯುತ್ತೆ, 5 ಇದ್ದಾಗ 12, 1ಕ್ಕೆ ಬಂದಾಗ ಮೂರಕ್ಕೂ ಕಮ್ಮಿ.

ಒಂದೇ ಏಟಿಗೆ 100ರಿಂದ 5ಕ್ಕೆ ಇಳಿಸಬೇಕಾದರೆ 19 ಗ್ರಾಂ ಬಣ್ಣ ಭಾಗಿಸು 12, ಅಂದರೆ 1.6 ಕೆ.ಜಿ. ಕಾರ್ಬನ್. ಎರಡು ಬ್ಯಾರಲ್ ಮಾಡಿ: ಮೊದಲನೆಯದರಲ್ಲಿ 100ರಿಂದ 30ಕ್ಕೆ, 390 ಗ್ರಾಂ. ಎರಡನೆಯದರಲ್ಲಿ 30ರಿಂದ 5ಕ್ಕೆ, 417 ಗ್ರಾಂ. ಒಟ್ಟು 0.8 ಕೆ.ಜಿ., ಅರ್ಧಕ್ಕರ್ಧ ಉಳಿತಾಯ. ಇನ್ನೂ ಉಳಿಸಬೇಕಾ, ಇವತ್ತಿನ ಎರಡನೇ ಬ್ಯಾರಲ್ಲಿನ ಕಾರ್ಬನ್ ನಾಳೆ ಮೊದಲ ಬ್ಯಾರಲ್ಲಿಗೆ ಹಾಕಿ. ಅದು ತಿಳಿ ನೀರಿನಲ್ಲಿ ಸುಸ್ತಾಗಿದೆ ಅಷ್ಟೇ, ಗಾಢ ನೀರು ಸಿಕ್ಕರೆ ಇನ್ನಷ್ಟು ಹಿಡಿಯುತ್ತೆ. ಹೊಸ ಕಾರ್ಬನ್ ಯಾವಾಗಲೂ ಎರಡನೇ ಬ್ಯಾರಲ್ಲಿಗೆ. ಕರಿಕಂಬಳಿ ಅವರ ಉಣ್ಣೆ ಮೊದಲು ಬಂದರೆ ಈ ಮೊದಲ ಬ್ಯಾರಲ್ಲೇ ಬೇಡವಾಗಬಹುದು.

0.3–0.6 ಮಿ.ಮೀ. ಕಾಳು ಹಾಕಿ, ಒಂದು ತಾಸಲ್ಲ ಎರಡು ತಾಸು ತಿರುವಿ. ಕಾಲು ಗಂಟೆಯಲ್ಲಿ ತಳಕ್ಕೆ ಕೂರುತ್ತೆ. ಹಿಟ್ಟಿನಂಥ ಪುಡಿ ಬೇಗ ಹೀರುತ್ತೆ, ಆದರೆ ಕೂರಲ್ಲ. ಕೂರಿಸಲು ಆಲಂ (ಪಟಿಕ) ಹಾಕ್ತೀವಿ ಅಂದರೆ 4.5ರ ನೀರಿನಲ್ಲಿ ಅದು ಸರಿಯಾಗಿ ಗಡ್ಡೆ ಕಟ್ಟಲ್ಲ. ತಿಳಿ ನೀರನ್ನು ಮೇಲಿಂದ ಬೇರೆ ತೊಟ್ಟಿಗೆ ತೆಗೆದ ಮೇಲೆ ಸುಣ್ಣದ ತಿಳಿ ಹಾಕಿ 6.5–8.5ರ ಒಳಗೆ ತನ್ನಿ. ಮಾಲಿನ್ಯ ಮಂಡಳಿಯವರು ನೋಡೋದು ಬಣ್ಣ ಒಂದೇ ಅಲ್ಲ. 2016ರ ಜವಳಿ ಮಾನದಂಡದಲ್ಲಿ ಬಣ್ಣ 150 ಪ್ಲಾಟಿನಮ್ ಕೋಬಾಲ್ಟ್ ಯೂನಿಟ್ (ನೀರಿನ ಬಣ್ಣದ ಅಳತೆ), ಲೀಟರಿಗೆ ಸಿಒಡಿ 250 ಮಿ.ಗ್ರಾಂ, ಬಿಒಡಿ 30 ಮಿ.ಗ್ರಾಂ ದಾಟಬಾರದು (ಇವೆರಡೂ ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತೆ ಅನ್ನೋ ಅಳತೆ). ಬಣ್ಣ ಹಾಕುವಾಗ ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್) ಎಷ್ಟು ಹಾಕಿದ್ದರೋ ಅಷ್ಟೂ ನೀರಿನಲ್ಲೇ ಇರುತ್ತೆ, ಕಾರ್ಬನ್ ಅದನ್ನು ಮುಟ್ಟಲ್ಲ.

---

ಲಡಿಬಣ್ಣ:

ಬಣ್ಣ ಹಿಡಿದ ಕಾರ್ಬನ್ ಒಣಗಿಸಿ ಹಂಡೆ ಒಲೆಗೆ ಹಾಕಬಹುದಾ? ತೋಟಕ್ಕೆ ಗೊಬ್ಬರದ ಜೊತೆ ಹಾಕಿ ಅಂತಾನೂ ಒಬ್ಬರು ಹೇಳಿದರು.

---

ಚೊಗರು ಉತ್ತರ:

ಎರಡೂ ಬೇಡ. ಬಣ್ಣ ನಾಶ ಆಗಿಲ್ಲ, ನೀರಿನಿಂದ ಕಾರ್ಬನ್ನಿಗೆ ಜಾಗ ಬದಲಿಸಿದೆ. ನಿಮ್ಮ ಕಪ್ಪು, ನೇವಿಯ ಮೆಟಲ್ ಕಾಂಪ್ಲೆಕ್ಸ್ ಬಣ್ಣಗಳಲ್ಲಿ ಸಾಮಾನ್ಯವಾಗಿ ಕ್ರೋಮಿಯಂ ಅಥವಾ ಕೋಬಾಲ್ಟ್ ಇರುತ್ತೆ. ಒಲೆಗೆ ಹಾಕಿದರೆ ಅದು ಬೂದಿಯಲ್ಲಿ ಕೂರುತ್ತೆ, ಆ ಬೂದಿಯಲ್ಲಿ ಪಾತ್ರೆ ತಿಕ್ಕೋರು ಇದ್ದಾರೆ. ನಿಮ್ಮ ಕಡೆಯ ತೋಟದ ಮಣ್ಣು, ಬೋರ್ ನೀರು ಎರಡೂ ಸಾಮಾನ್ಯವಾಗಿ ಕ್ಷಾರ. ಬೋರ್ ನೀರು ಬಿಟ್ಟಾಗ ನಿಮ್ಮ ಪೈಪಿನಲ್ಲಿ ಆದದ್ದೇ ಅಡಕೆ ಮರದ ಬುಡದಲ್ಲೂ ಆಗುತ್ತೆ.

ಮೆಟಲ್ ಕಾಂಪ್ಲೆಕ್ಸ್ ದಿನದ ಬಾನಿ ನೀರಿಗೆ ಬೇರೆ ಬ್ಯಾರಲ್, ಬೇರೆ ಕಾರ್ಬನ್ ಇಡಿ, ಇಲ್ಲಾಂದ್ರೆ ಎಲ್ಲಾ ಕಾರ್ಬನ್ನೂ ಕ್ರೋಮಿಯಂ ಕಸ ಆಗುತ್ತೆ. ಬಳಸಿದ್ದನ್ನು ಶೆಡ್ಡಿನ ಕೆಳಗೆ ಟಾರ್ಪಾಲ್ ಮೇಲೆ ಒಣಗಿಸಿ, ಮಳೆ ತಾಗದ ಹಾಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ದಿನಾಂಕ, ತೂಕ, ಯಾವ ಬಣ್ಣ ಅಂತ ಚೀಟಿ ಹಚ್ಚಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಇದನ್ನು ಅಧಿಕೃತ ವಿಲೇವಾರಿ ಘಟಕಕ್ಕೇ ಕೊಡಬೇಕು. ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಘಟಕದ ಕನ್ಸೆಂಟ್ (ನಡೆಸೋಕೆ ಮಂಡಳಿಯ ಒಪ್ಪಿಗೆ) ಅರ್ಜಿಯಲ್ಲೇ ವರ್ಷಕ್ಕೆ ಇಷ್ಟು ಕೆ.ಜಿ. ಬಳಸಿದ ಕಾರ್ಬನ್ ಬರುತ್ತೆ ಅಂತ ನಮೂದಿಸಿ. ದಿನಕ್ಕೆ 0.8 ಕೆ.ಜಿ. ಅಂದರೆ 300 ದಿನಕ್ಕೆ 240 ಕೆ.ಜಿ. ಒಣ ತೂಕ. ಉಣ್ಣೆ ಮೊದಲು ಹಾಕಿ ಇದನ್ನು ಕಮ್ಮಿ ಮಾಡಿಕೊಂಡರೆ ಸಾಗಾಟದ ಖರ್ಚೂ ಅಷ್ಟೇ ಇಳಿಯುತ್ತೆ.

---

ಕರಿಕಂಬಳಿ:

ಮೆಟಲ್ ಕಾಂಪ್ಲೆಕ್ಸ್ ದಿನ ಉಣ್ಣೆಯೂ ಬೇರೆ ಚೀಲ. ಆ ದಿನ ಪಿಎಚ್ಚನ್ನು 4ಕ್ಕಿಂತ ಕೆಳಗೆ ಇಳಿಸಬೇಡಿ. ಆ ಜಾತಿಯ ಬಣ್ಣ ಆಮ್ಲ ಹೆಚ್ಚಾದರೆ ಉಣ್ಣೆಯ ಹೊರಮೈಗೇ ಮುಗಿಬಿದ್ದು ತೇಪೆ ತೇಪೆಯಾಗುತ್ತೆ, ಒಳಗಿನ ಉಣ್ಣೆ ಬೆಳ್ಳಗೇ ಉಳಿಯುತ್ತೆ. 5ರಲ್ಲಿ ಶುರು ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಲೋಟದಲ್ಲಿ ನೋಡಿ, ಬಣ್ಣ ಇನ್ನೂ ಇದ್ದರೆ ಮಾತ್ರ ಅಸಿಟಿಕ್.